ದೊಡ್ಡಮ್ಮ ಸುಮ್ಮನಿದ್ದ ಬೆಳಗು

ಮನುಷ್ಯನ ದೇಹದಲ್ಲಿ ಮಿದುಳಿನಷ್ಟು ಗಂಭೀರವಾದ ಅಂಗ ಇನ್ನೊಂದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಆ ಗೌರವ ಸಿಕ್ಕಿದ್ದು ಕಡಿಮೆ. ಸಾರಿಗೆ ಉಪ್ಪು ಹಾಕಲು ಮರೆತವರ ಸಂಬಂಧದಲ್ಲಿ ಮಾತ್ರ ಅದರ ಪ್ರಸ್ತಾಪ ಬರುತ್ತಿತ್ತು.

ತೊಂಬತ್ತರ ದಶಕದಲ್ಲಿ ನಾನು ಕಾಲೇಜು ಓದಿದ್ದು ಸರಸ್ವತಿಪುರಂನಲ್ಲಿ, ದೊಡ್ಡಮ್ಮನ ಮನೆಯಲ್ಲಿ. ದೊಡ್ಡಮ್ಮ ಮಾತುಗಾರ್ತಿ ಎಂದರೆ ಸಮುದ್ರವನ್ನು ಒದ್ದೆ ಎಂದ ಹಾಗೆ. ಹಾಲಿನವನು, ಬೀದಿಯ ದನ, ಕುಕ್ಕರು, ಎಲ್ಲರ ಜೊತೆಯೂ ಅವರದು ನಿರಂತರ ಸಂಭಾಷಣೆ. ಬೆಳಿಗ್ಗೆ ಸ್ನಾನವಾಗಿ ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಾಗ ಮಾತ್ರ ಮನೆ ಸ್ತಬ್ಧ. ಆಗ ಹಾಲು ಉಕ್ಕಿ ಒಲೆ ಆರಿದರೂ ಅವರ ರೆಪ್ಪೆ ಅಲುಗುತ್ತಿರಲಿಲ್ಲ. ಎದ್ದ ಮೇಲೆ ಹಾಲಿಗೂ ನನಗೂ ಒಟ್ಟಿಗೇ ಬೈಗುಳ.

ಹೊಸ ಶತಮಾನದ ಮೊದಲ ದಶಕ ಮುಗಿಯುತ್ತ ಬಂದಾಗ ಒಂದು ದಿನ ಆ ಮಾತು ನಿಂತಿತು. ನೋಡಲು ಹೋಗಿದ್ದ ನನಗೆ ಕಾಫಿ ಕೊಡುತ್ತ ಏನೋ ಹೇಳಲು ಬಾಯಿ ತೆರೆದರು, ಪದ ಬರಲಿಲ್ಲ. ಲೋಟ ಬಲಗೈಯಿಂದ ಜಾರಿತು. ನಾನು ಬಟ್ಟೆ ತಂದು ನೆಲ ಒರೆಸಿ ಮುಗಿಸುವ ಹೊತ್ತಿಗೆ, "ಅಲ್ಲಿ ಮೂಲೇಲಿ ಬುಟ್ಬುಟ್ಟೆ ನೋಡೋ" ಎಂದರು. ನನ್ನ ಜನ್ಮದಲ್ಲಿ ಯಾವ ಆಕ್ಷೇಪಣೆಯೂ ಅಷ್ಟು ಹಿತವಾಗಿ ಕೇಳಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕುತ್ತಿಗೆಯ ಸ್ಕ್ಯಾನ್ ಮಾಡಿಸಿದರು. ಎಡಗಡೆಯ ರಕ್ತನಾಳ ಕಿರಿದಾಗಿತ್ತು. ಮಾತಿನ ಜಾಗ ಮಿದುಳಿನ ಎಡಭಾಗದಲ್ಲಿದೆ; ಅಲ್ಲಿಗೆ ರಕ್ತ ಸಾಲದಿದ್ದರೆ ಕುತ್ತಿಗೆಯ ಆಪರೇಷನ್ ಆಗಬೇಕು, ಇಲ್ಲವಾದರೆ ಮುಂದಿನ ಸಲ ಹೋದ ಮಾತು ವಾಪಸು ಬರದಿರಬಹುದು ಎಂದರು. ಆದರೆ ಆ ವಯಸ್ಸಿಗೆ ಆಪರೇಷನ್ನೂ ಸಣ್ಣದಲ್ಲ. ರಕ್ತ ಸಾಲುತ್ತಿದೆಯೋ ಇಲ್ಲವೋ ನೋಡಲು ಸಾಮಾನ್ಯವಾಗಿ ಚುಚ್ಚುವ ಔಷಧಿಯನ್ನು ದೊಡ್ಡಮ್ಮನ ಸೋತ ಕಿಡ್ನಿ ತಡೆದುಕೊಳ್ಳುವಂತಿರಲಿಲ್ಲ.

"ಈಗ ಹೊಸ ವಿಧಾನ ಇದೆ ಅಮ್ಮ, ಏನೂ ಚುಚ್ಚಲ್ಲ" ಎಂದರು ಡಾಕ್ಟರಮ್ಮ. "ಕುತ್ತಿಗೆ ಹತ್ರ ನಿಮ್ಮ ರಕ್ತಕ್ಕೇ ಎಂ.ಆರ್.ಐ. ಮಿಷಿನ್ನಿನ ಆಯಸ್ಕಾಂತದಿಂದ ಗುರುತು ಹಾಕ್ತೀವಿ. ಗುರುತಾದ ರಕ್ತ ತಲೇಲಿ ಎಲ್ಲೆಲ್ಲಿಗೆ ಹೋಗಿ ಸೇರುತ್ತೆ ಅಂತ ಚಿತ್ರ ತೆಗೀತೀವಿ."

"ಆಮೇಲೆ ಗುರುತು ಹೋಗುತ್ತೇನಮ್ಮ?"

"ಕ್ಷಣದಲ್ಲಿ ಹೋಗುತ್ತೆ."

"ನಮ್ಮ ದೋಬಿ ಹಾಕೋ ಗುರುತೇ ಗಟ್ಟಿ ಬುಡಿ."

ಗುರುತು ಹಾಕಿದ ಚಿತ್ರ, ಹಾಕದ ಚಿತ್ರ, ಹೀಗೆ ಒಂದಾದ ಮೇಲೊಂದು ತೆಗೆದು, ಎರಡರ ನಡುವಿನ ಸಣ್ಣ ವ್ಯತ್ಯಾಸದಿಂದ ರಕ್ತದ ಹರಿವನ್ನು ತಿಳಿಯಬೇಕು. ಆದ್ದರಿಂದ ತಲೆ ಕೂದಲೆಳೆಯಷ್ಟೂ ಅಲುಗಬಾರದು. ಇದನ್ನು ಕೇಳಿದಾಗಲೇ ನಾನು ದೊಡ್ಡಮ್ಮನ ಬಾಯಿಯ ಕಡೆ ನೋಡಿದೆ.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಟೆಕ್ನಿಷಿಯನ್, "ಕೊರಳಲ್ಲಿರೋದು ತೆಗೀಬೇಕಮ್ಮ" ಎಂದ.

"ತೊಟ್ಟಿಲಲ್ಲಿ ಕಟ್ಟಿದ್ದು ಕಣಪ್ಪ ಇದು. ಸಮಾಧಿಗೂ ಜೊತೇಲೇ ಬರುತ್ತೆ. ಮಧ್ಯೆ ನಿನ್ನ ಮಿಷಿನ್ನಿಗೋಸ್ಕರ ತೆಗೀಲಾ?"

"ಬೆಳ್ಳಿ ಒಳಗೆ ಬರೋ ಹಾಗಿಲ್ಲಮ್ಮ."

ಕೊನೆಗೆ ಕರಡಿಗೆ ನನ್ನ ಬೊಗಸೆಗೆ ಬಂತು. "ಕೆಳಗಿಡಬೇಡ. ಜೇಬಿಗೆ ಹಾಕ್ಬೇಡ. ಯಾರಾದ್ರೂ ಮಾತಾಡ್ಸಿದ್ರೆ ಕೈ ಆಡಿಸ್ಬೇಡ" ಎಂದು ಅಪ್ಪಣೆಯಾಯಿತು. ಅಂದಿನ ಮಟ್ಟಿಗೆ ಅಲುಗದಿರಬೇಕಾದವನು ನಾನು ಎಂದು ಅವರು ತಿಳಿದಂತಿತ್ತು.

ಟೆಕ್ನಿಷಿಯನ್ ತನ್ನ ಕೋಣೆಯಲ್ಲಿ ನನಗೂ ಒಂದು ಕುರ್ಚಿ ಕೊಟ್ಟ. ಮೈಕಿನಲ್ಲಿ, "ಅಮ್ಮ, ಅಲ್ಲಾಡಬೇಡಿ" ಎಂದ.

"ಇಲ್ಲಪ್ಪ, ಅಲ್ಲಾಡ್ತಿಲ್ಲ" ಎಂದು ದೊಡ್ಡಮ್ಮ ದನಿ ಬಂದ ಕಡೆಗೆ ತಲೆ ತಿರುಗಿಸಿದರು.

"ಮಾತಾಡಿದ್ರೂ ತಲೆ ಅಲ್ಲಾಡುತ್ತಮ್ಮ."

"ಮಾತಾಡ್ಸಿದೋರಿಗೆ ಉತ್ತರ ಕೊಡದೆ ಇರೋಕಾಗುತ್ತಾ? ಏನಂದ್ಕೊಂಡೀಯ ನೀನು?"

ಅವನು ಬುದ್ಧಿವಂತ, ಮಾತು ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ಏನಪ್ಪ, ಇದ್ದೀಯಾ, ಕಾಫಿಗೆ ಹೋದ್ಯಾ?"

ಚಿತ್ರ ನೋಡಿದ ಡಾಕ್ಟರಮ್ಮ, "ಇದನ್ನಿಟ್ಕೊಂಡು ಏನೂ ಹೇಳೋಕಾಗಲ್ಲ" ಎಂದರು. ಮತ್ತಿನ ಮದ್ದು ಕೊಟ್ಟು ಮಲಗಿಸುವುದಕ್ಕೂ ಅವರಿಗೆ ಧೈರ್ಯವಿರಲಿಲ್ಲ. ಮುಂದೇನು ಎಂದು ಎಲ್ಲರೂ ನಿಂತಿದ್ದಾಗ ನನಗೆ ಉಕ್ಕಿದ ಹಾಲು ನೆನಪಾಯಿತು.

"ಬೆಳ್ಳಿ ಬೇಡ, ಒಳಗಿನ ಲಿಂಗವೊಂದನ್ನೇ ಅವರ ಕೈಗೆ ಕೊಟ್ಟರೆ?" ಎಂದೆ. "ಪೂಜೇಲಿ ಅವರು ಅಲುಗಲ್ಲ."

ಡಾಕ್ಟರಮ್ಮ ನನ್ನನ್ನೂ ಪರೀಕ್ಷಿಸಬೇಕೇನೋ ಎಂಬಂತೆ ನೋಡಿದರು. ದೊಡ್ಡಮ್ಮನೇ ಕರಡಿಗೆ ತೆರೆದು ಲಿಂಗವನ್ನು ಬಟ್ಟೆಯ ಮೇಲಿಟ್ಟರು. ಟೆಕ್ನಿಷಿಯನ್ ಒಂದು ಸಣ್ಣ ಆಯಸ್ಕಾಂತವನ್ನು ಅದಕ್ಕೆ ಮುಟ್ಟಿಸದೆ ಹತ್ತಿರ ಹಿಡಿದು ನೋಡಿದ, ಏನೂ ಸೆಳೆಯಲಿಲ್ಲ. ಡಾಕ್ಟರಮ್ಮ ಒಪ್ಪಿದರು.

"ಮಲ್ಕೊಂಡು ಪೂಜೆ ಮಾಡಬಹುದಾ ದೊಡ್ಡಮ್ಮ?" ಎಂದೆ.

ಅವರು ಯೋಚಿಸಿದರು. "ನಮ್ಮತ್ತೆ ಹಾಸಿಗೆ ಹಿಡಿದಾಗ ಅಂಗೇ ಮಾಡ್ತಿದ್ರು. ಆದ್ರೆ ಆ ಹುಡುಗನಿಗೆ ಹೇಳು, ನಡುವೆ ಬಾಯಿ ಹಾಕ್ಬಾರ್ದು."

ಎಡ ಅಂಗೈಯಲ್ಲಿ ಲಿಂಗವಿಟ್ಟು ಬಿಳಿ ಬಟ್ಟೆ ಸುತ್ತಿದೆವು. ದೊಡ್ಡಮ್ಮ ಕಣ್ಣು ಮುಚ್ಚಿ ಒಳಗೆ ಹೋದರು. ಮಿಷಿನ್ನು ಗಿರಣಿಯ ಹಾಗೆ ಅಬ್ಬರಿಸಿತು. ಒಳಗಿನಿಂದ ಒಂದು ಮಾತಿಲ್ಲ. ಟೆಕ್ನಿಷಿಯನ್ನಿಗೇ ಗಾಬರಿಯಾಗಿ, "ಅಮ್ಮ, ಸರಿಯಾಗಿದ್ದೀರಾ?" ಎಂದ. ಉತ್ತರವಿಲ್ಲ. ಅವನು ನನ್ನ ಮುಖ ನೋಡಿದ.

"ಪೂಜೇಲಿದ್ದಾರೆ, ಮಾತಾಡಿಸಬೇಡಿ" ಎಂದೆ. ಗಟ್ಟಿಯಾಗಿಯೇ ಹೇಳಿದೆ. ಆದರೆ ಲೋಟ ಜಾರಿದ ದಿನದ ಮೌನವೂ ಹೀಗೇ ಇತ್ತು. ಖಾಲಿ ಕರಡಿಗೆಯನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅದರ ಅಚ್ಚು ಅಂಗೈಯಲ್ಲಿ ಮೂಡಿತ್ತು.

ಹಾಸುಹಲಗೆ ಹೊರಗೆ ಬಂದರೂ ದೊಡ್ಡಮ್ಮ ಕಣ್ಣು ತೆರೆಯಲಿಲ್ಲ. ಪೂಜೆ ಮುಗಿಯುವವರೆಗೆ ಇಡೀ ವಿಜ್ಞಾನ ಕಾದು ನಿಂತಿತು. ಆಮೇಲೆ ಲಿಂಗವನ್ನು ಕಣ್ಣಿಗೊತ್ತಿಕೊಂಡು, "ಮಿಷಿನ್ನಿಗೆ ಸ್ವಲ್ಪ ಎಣ್ಣೆ ಹಾಕ್ಸು ಕಣಪ್ಪ, ಪಾಪ" ಎಂದರು.

ಚಿತ್ರ ಸ್ಪಷ್ಟವಾಗಿ ಬಂದಿತ್ತು. ನಾಳ ಕಿರಿದಾಗಿದ್ದರೂ ಮಿದುಳಿನ ಎಡಭಾಗಕ್ಕೂ ಬಲಭಾಗದಷ್ಟೇ ರಕ್ತ ಹೋಗುತ್ತಿತ್ತು. ಡಾಕ್ಟರಮ್ಮ ಆಪರೇಷನ್ ಬೇಡವೆಂದು ಮಾತ್ರೆ ಬರೆದುಕೊಟ್ಟರು.