ಆ ಬೆಳಿಗ್ಗೆ ಟ್ರಿಗರ್ ಕದಲಲಿಲ್ಲ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ದೈವ, ಅದರ ಕಾರಣಿಕದ ಪವಾಡ ಎಂದು ದಿನ ಬೆಳಗಾದರೆ ಮಾತಾಡುವ ಪುತ್ತೂರು ಕಡೆಯವನಾದರೂ, "ನೀವು ಕಣ್ಣಾರೆ ಕಂಡದ್ದುಂಟಾ?" ಎಂದು ಕೇಳಿ ಹಿರಿಯರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನನ್ನೂ ಯಾರಾದರೂ ಹಾಗೆ ಕೇಳಬಹುದು. ನಾನೂ ಏನನ್ನೂ ಕಾಣಲಿಲ್ಲ. ಬೆರಳಿಗೆ ಗೊತ್ತಾದದ್ದು ಮಾತ್ರ ಉಂಟು.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಅಲ್ ವಕ್ರಾದಲ್ಲಿದ್ದೆ. ಕತಾರಿ ಧಣಿಯೊಬ್ಬರ ಆಫೀಸಿನಲ್ಲಿ ಕೆಲಸ. ಅವರಿಗೆ ರಾಸ್ ಲಫಾನಿನ ದಾರಿಯಲ್ಲಿ ಒಂದು ತೋಟವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಉಪ್ಪಿನಂಗಡಿಯ ಅಬ್ಬು ಬ್ಯಾರಿ. ನಮಗೆಲ್ಲ ಅಬ್ಬು ಕಾಕ. ಆ ಚಳಿಗಾಲ ನರಿಯೊಂದು ದಿನಕ್ಕೊಂದರಂತೆ ಅವರ ಕೋಳಿಗಳನ್ನು ಮುಗಿಸುತ್ತಿತ್ತು. ಆಡಿನ ಮರಿಗೂ ಬಾಯಿ ಹಾಕಿದಾಗ ಧಣಿ ತಮ್ಮ ಲೈಸೆನ್ಸಿನ ರೈಫಲ್ ತೆಗೆದರು.

ಧಣಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ಗುರಿ ಹಿಡಿಯಲು ಆಗುತ್ತಿರಲಿಲ್ಲ. ನಾನೋ, ಊರಲ್ಲಿ ಬೆಳೆ ಕಾಯುವ ಕೋವಿ ಉಂಟು, ಹಂದಿ ಹೊಡೆದಿದ್ದೇನೆ ಎಂದು ಆಫೀಸಿನಲ್ಲಿ ಬಡಾಯಿ ಕೊಚ್ಚಿದ್ದೆ. ಒಂದು ಶುಕ್ರವಾರ ನನ್ನನ್ನು ತೋಟಕ್ಕೆ ಕರೆದೊಯ್ದ ಧಣಿ, ಬೆಳಗಿನ ನಮಾಜು ಮುಗಿಸಿ ಬಂದವರೇ ರೈಫಲನ್ನು ನನ್ನ ಕೈಗಿಟ್ಟರು. ಇದು ಸೆಮಿ ಆಟೋಮ್ಯಾಟಿಕ್, ಒಂದು ಗುಂಡು ಹೋದ ಕೂಡಲೇ ಇನ್ನೊಂದು ತಾನಾಗಿ ಬಂದು ಕೂರುತ್ತದೆ ಎಂದು ಹಿಂದಿಯಲ್ಲಿ ವಿವರಿಸಿದರು. ಎಲ್ಲ ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ.

ಗೊತ್ತಿದ್ದದ್ದು ನಮ್ಮ ಮನೆಯ ಒಂಟಿ ನಳಿಗೆಯ ಕೋವಿ ಮಾತ್ರ. ಒಂದು ಈಡು, ಅಲ್ಲಿಗೆ ಮುಗಿಯಿತು. ಹೊಡೆದ ಕೋವಿ ಎಂದರೆ ಖಾಲಿ ಕೋವಿ. ಅದನ್ನು ಒಬ್ಬರಿಗೊಬ್ಬರು ತೋರಿಸಿ ತಮಾಷೆ ಮಾಡಿಯೇ ಬೆಳೆದವರು ನಾವು.

ಮರಳು ಇನ್ನೂ ತಣ್ಣಗಿತ್ತು. ಬೆಳಕು ಹರಿಯುವಾಗ ಬೇಲಿಯ ಹೊರಗೆ ನರಿ ಕಾಣಿಸಿತು. ಹೊಡೆದೆ. ತಪ್ಪಿತು. ಅದು ಮರಳಿನಲ್ಲಿ ಮಾಯ.

ಹಿಂದೆ ಕೋಳಿಗೂಡಿನ ಪಕ್ಕದಲ್ಲಿದ್ದ ಅಬ್ಬು ಕಾಕ ಹೊಟ್ಟೆ ಹಿಡಿದು ನಗತೊಡಗಿದರು. "ಎಂಥದು ಮಾರಾಯ್ರೇ! ನಿಮ್ಮೂರಿನ ಹಂದಿಗಳು ನಗಾಡಿಯೇ ಸತ್ತದ್ದಾ ಹೇಗೆ?"

ನನಗೆ ನಾಚಿಕೆಯಾಯಿತು. "ನಿಲ್ಲಿ ಕಾಕ, ನಿಮಗೇ ಒಂದು ಇಡ್ತೇನೆ!" ಎಂದು ತಿರುಗಿ, ಅವರ ಎದೆಗೆ ಗುರಿಯಿಟ್ಟು ಟ್ರಿಗರ್ ಎಳೆದೆ.

ಎಳೆದೆ ಎಂದು ಸುಳ್ಳಿಲ್ಲದೆ ಬರೆಯುತ್ತಿದ್ದೇನೆ. ಅದು ಕದಲಲಿಲ್ಲ. ಅರೆ, ಎಂದುಕೊಂಡು ಇನ್ನೂ ಜೋರಾಗಿ ಎಳೆದೆ. ಟ್ರಿಗರಿನ ಹಿಂದೆ ಇನ್ನೊಬ್ಬರ ಬೆರಳು ಅಡ್ಡ ಇದ್ದ ಹಾಗೆ ಅನಿಸಿತು. ಕಬ್ಬಿಣದಂತೆ ಅಲ್ಲ, ಬೆರಳಿನಂತೆ. ಬಿಸಿ ಇತ್ತು. ಅಬ್ಬು ಕಾಕ ನಗುತ್ತಲೇ ಇದ್ದರು.

"ಲಾ! ಲಾ!", ಬೇಡ ಬೇಡ, ಎಂದು ಅರಬಿಯಲ್ಲಿ ಕೂಗುತ್ತ ಧಣಿ ಓಡಿಬಂದು ರೈಫಲ್ ಕಿತ್ತುಕೊಂಡರು. ಟ್ರಿಗರ್ ತಡೆಯುವ ಸೇಫ್ಟಿ ಹಾಕಿರಲಿಲ್ಲ, ಅದನ್ನು ಅವರೇ ನೋಡಿದರು. ಬೇರೆ ಯಾವುದನ್ನೂ ಮುಟ್ಟದೆ, ನಳಿಗೆಯನ್ನು ಮರಳಿಗೆ ತಿರುಗಿಸಿ ಒಂದೇ ಬೆರಳಲ್ಲಿ ಮೆಲ್ಲಗೆ ಒತ್ತಿದರು. ಢಂ ಎಂದಿತು. ಮರಳು ಮೊಣಕಾಲೆತ್ತರಕ್ಕೆ ಚಿಮ್ಮಿತು.

ಅಬ್ಬು ಕಾಕನ ನಗು ನಿಂತಿತು. ಧಣಿ "ಅಲ್‌ಹಮ್ದುಲಿಲ್ಲಾ" ಎಂದರು, ಅಷ್ಟೇ.

ಕೊಲ್ಲಹೊರಟವನಿಗೆ ಚಾ ಮಾಡಿ ತಂದುಕೊಟ್ಟವರು ಅಬ್ಬು ಕಾಕನೇ. "ಕುಡೀರಿ. ನನ್ನ ಅನ್ನದ ಋಣ ಇನ್ನೂ ಮುಗಿದಿಲ್ಲ, ಅಷ್ಟೇ." ನಾನು ಅತ್ತುಬಿಟ್ಟೆ.

ಮರಳಿನ ಕಣ ಸಿಕ್ಕಿಕೊಂಡಿರಬೇಕು ಎಂದು ಗೆಳೆಯರು ಹೇಳುತ್ತಾರೆ. ಇರಬಹುದು. ಧಣಿ ಅಂದೇ ರೈಫಲ್ ಬಿಚ್ಚಿ ನೋಡಿದ್ದರು, ಏನೂ ಸಿಕ್ಕಿರಲಿಲ್ಲ. ಸಿಕ್ಕಿಕೊಂಡದ್ದೇ ಹೌದಾದರೆ, ನನ್ನಿಂದ ಅವರ ಕೈಗೆ ಹೋಗುವಷ್ಟರಲ್ಲಿ ಬಿಟ್ಟದ್ದು ಹೇಗೆ? ಆ ಬಿಸಿ ಯಾವುದು? ಬಿಡಿ, ನನಗೆ ಗೊತ್ತಿಲ್ಲ. ದೈವದ ಹೆಸರೆತ್ತುವ ಯೋಗ್ಯತೆಯೂ ನನಗಿಲ್ಲ.

ಅಬ್ಬು ಕಾಕ ಈಗ ಊರಲ್ಲಿದ್ದಾರೆ. ಹೋದ ತಿಂಗಳು ವಾಟ್ಸಪ್‌ನಲ್ಲಿ ಒಂದು ಫೋಟೋ ಕಳುಹಿಸಿದರು. ಚಾಪೆಯ ಮೇಲೆ ಅಂಗಾತ ಮಲಗಿದ್ದಾರೆ, ಮೊಮ್ಮಗಳು ಅವರ ಎದೆಯ ಮೇಲೆ ಕವುಚಿ ಬಿದ್ದು ನಿದ್ದೆ ಮಾಡುತ್ತಿದ್ದಾಳೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ನಾನು ಗುರಿಯಿಟ್ಟದ್ದು ಸರಿಯಾಗಿ ಆ ಮಗುವಿನ ತಲೆಯಿದ್ದ ಜಾಗಕ್ಕೆ.