ಸರ್ಜನ್ ಮುಂದೆ ಯಾರಿಗೂ ನೋವಿಲ್ಲ

ಮರಾಠಿ ನಾಡಿನ ಕೋಥರೂಡದ ನಮ್ಮ ಸಣ್ಣ ಆಸ್ಪತ್ರೆಯ ತಪಾಸಣೆ ಕೋಣೆಯಲ್ಲಿ ಅಂದು ನಾಲ್ವರಿದ್ದೆವು: ಸರ್ಜನ್ ಆದ ನಾನು, ಹೊಸದಾಗಿ ಶುರು ಮಾಡಿದ್ದ ಸಂಶೋಧನೆಯ ಕೆಲಸ ನೋಡಿಕೊಳ್ಳುವ ಬೆಳಗಾವಿಯ ಹುಡುಗಿ, ಖಡಕಿಯ ಕಾರ್ಖಾನೆಯಿಂದ ನಿವೃತ್ತರಾಗಿ, ನನ್ನ ಕೈಯಲ್ಲೇ ಹರ್ನಿಯಾ ಆಪರೇಷನ್ ಮಾಡಿಸಿಕೊಂಡಿದ್ದ ಧಾರವಾಡದ ಹಿರಿಯರು, ಜೊತೆಗೆ ಅವರ ಹೆಂಡತಿ.

ಆಪರೇಷನ್ ಆಗಿ ತಿಂಗಳುಗಳು ಕಳೆದ ಮೇಲೂ ಎಷ್ಟು ಜನರಿಗೆ ನೋವು ಉಳಿದಿರುತ್ತದೆ ಎಂದು ತಿಳಿಯುವುದೇ ನಮ್ಮ ಮೊದಲ ಅಧ್ಯಯನ. ರೋಗಿಗಳು ತಮ್ಮ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಬಂದವರೆಲ್ಲ ಸೊನ್ನೆಯನ್ನೇ ಕೊಡುತ್ತಿದ್ದರು. ನಾನಂತೂ ಒಳಗೊಳಗೇ ಹಿಗ್ಗಿದ್ದೆ. ಹುಡುಗಿಗೆ ಮಾತ್ರ ಸಮಾಧಾನವಿರಲಿಲ್ಲ. "ಇಷ್ಟು ಛಲೋ ಇರಾಕ ಸಾಧ್ಯ ಇಲ್ರಿ ಸರ್. ಯಾರಿಗರೆ ತೋರಿಸಿದ್ರ ನಗ್ತಾರ," ಅನ್ನುತ್ತಿದ್ದಳು.

"ಅಜ್ಜಾರ, ನೋವು ಎಷ್ಟದರಿ?" ನಾನೇ ಕೇಳಿದೆ.

"ಏನೂ ಇಲ್ರಿ ಸಾಹೇಬ್ರ. ನಿಮ್ಮ ಕೈಗುಣ! ಸೊನ್ನಿ ಬರ್ಕೋರಿ."

ಹಾಗೆಂದು ಏಳಲು ಹೋದವರು ಮೇಜಿನ ಅಂಚು ಹಿಡಿದು ಅಲ್ಲೇ ನಿಂತರು. ಹೆಂಡತಿಗೆ ತಡೆಯಲಾಗಲಿಲ್ಲ.

"ಸೊನ್ನಿ ಅಂತ ಸೊನ್ನಿ! ಮನ್ಯಾಗ ಚಪ್ಲಿ ಹಾಕ್ಕೊಳ್ಳಾಕ ಬಗ್ಗಿದ್ರ ಓಣಿಗೆಲ್ಲ ಕೇಳೂಹಂಗ ಒದರ್ತಾರ್ರಿ ಇವ್ರು."

"ಸುಮ್ನಿರ! ಅಷ್ಟು ಪ್ರೀತಿಲೆ ಕೊಯ್ದಾರ, ಅವ್ರ ಮುಂದ ನೋವು ಅನ್ನಾಕ ಆಗ್ತದೇನ? ಬ್ಯಾಸರ ಮಾಡ್ಕೋತಾರ."

ಉಣ್ಣಲು ಕರೆದವರ ಮನೆಯ ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಬಾಯಿ ಬಿಡದ ಜನ ನಾವು. ಇಲ್ಲಿ ನೋವೆಷ್ಟು ಎಂದು ಕೇಳುತ್ತಿದ್ದವನು ಕೊಯ್ದವನೇ!

ಹುಡುಗಿ ನಗು ತಡೆಯುತ್ತ, "ಸಿಟ್ಟಾಗಬ್ಯಾಡ್ರಿ ಸರ್, ನೀವು ಸ್ವಲ್ಪ ಹೊರಗ ಕೂಡ್ರಿ," ಎಂದಳು.

ನನ್ನದೇ ಕೋಣೆಯಿಂದ ಹೊರಬಿದ್ದು ಬೆಂಚಿನ ಮೇಲೆ ಕುಳಿತೆ. ಪಕ್ಕದಲ್ಲಿದ್ದ ಮರಾಠಿ ಅಜ್ಜಿ, ನನ್ನನ್ನೂ ರೋಗಿಯೆಂದುಕೊಂಡು, ಏನಾಗಿದೆಯಪ್ಪ ಎಂದು ಮರುಕದಿಂದ ವಿಚಾರಿಸಿದರು.

ಕೊನೆಗೆ ಹುಡುಗಿ ಬಾಗಿಲು ತೆರೆದು, "ಆರು ಅಂದ್ರು ಸರ್," ಎಂದಳು.

ನೋವು ಕೇಳುವಾಗ ಸರ್ಜನ್ ಕೋಣೆಯಲ್ಲಿರಬಾರದೆಂಬ ನಿಯಮ ಅಂದೇ ಆಯಿತು. ಹಿಂದೆ ಸೊನ್ನೆ ಕೊಟ್ಟವರನ್ನೆಲ್ಲ ಮತ್ತೆ ಕರೆಸಿದೆವು.

ಹಿರಿಯರನ್ನು ಪರೀಕ್ಷಿಸಿದಾಗ, ಹೊಲಿಗೆಯಲ್ಲಿ ನರವೊಂದು ಸಿಕ್ಕಿಕೊಂಡಂತೆ ಕಂಡಿತು. ಮುಂದಿನ ತಿಂಗಳು ಇನ್ನೊಂದು ಸಣ್ಣ ಆಪರೇಷನ್ ಮಾಡಿ ಅದನ್ನು ಬಿಡಿಸಿದೆ. ಆ ದೀಪಾವಳಿಗೆ ಹಿರಿಯರು ಒದರದೆ ಬಗ್ಗಿ ಚಪ್ಪಲಿ ಹಾಕಿಕೊಂಡರಂತೆ; ದಂಪತಿ ಬಸ್ಸು ಹಿಡಿದು ಇಂದಾಪುರದ ಮಗಳ ಮನೆಗೆ ಹೋದರು.