ಕೆಮ್ಮದೆ ನಿಲ್ಲುವ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಅರ್ಧ ತೆರೆದ ಬಾಗಿಲ ಹೊರಗೆ, ಐವತ್ತು ದಾಟಿದ ಹೆಂಗಸೊಬ್ಬರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಾರೆ. ಒಳಗೆ ನಲವತ್ತರ ಗಂಡಸೊಬ್ಬ ಒಲೆಯ ಮೇಲೆ ಹಾಲಿಟ್ಟಿದ್ದಾನೆ. ಹಾಲು ಮೇಲೇರುತ್ತಿದೆ. ಇವರು ಒಳಗೆ ಹೋಗುವುದಿಲ್ಲ, ತುಟಿ ಪಿಟಕ್ಕೆನ್ನುವುದೂ ಇಲ್ಲ. ಹಾಲು ಉಕ್ಕಿ ಚೆಲ್ಲುತ್ತದೆ. ಇದೆಂಥ ಕೆಲಸವಪ್ಪಾ, ಇವರ ಬಗ್ಗೆ ಬರೆಯಲು ಬಂದ ನನಗೆ ತಲೆಬುಡ ತಿಳಿಯುತ್ತಿಲ್ಲ.

"ಏನೂ ಮಾಡ್ದೇ ಇರೋದೇ ನನ್ನ ಕೆಲ್ಸ. ಅದರಷ್ಟು ಕಷ್ಟ ಇನ್ನೊಂದಿಲ್ಲ" ಎಂದು ಮೆಟ್ಟಿಲ ಮೇಲೆ ಕೂತು ನಗುತ್ತಾರೆ.

ಬುದ್ಧಿಯ ಬೆಳವಣಿಗೆ ನಿಧಾನವಾದ ವಯಸ್ಕರು ತಮ್ಮದೇ ಮನೆಯಲ್ಲಿ, ಬೀಗದ ಕೈ ತಮ್ಮದೇ ಜೇಬಿನಲ್ಲಿಟ್ಟುಕೊಂಡು ಬಾಳಲು ಇವರು ಬೆನ್ನಿಗೆ ನಿಲ್ಲುತ್ತಾರೆ. ಬೀದಿಗೆಲ್ಲ ಇವರು ಅಕ್ಕ. ದಿನಕ್ಕೆ ಮೂರು ಮನೆ. ಒಂದು ಕಡೆ ಬಸ್ಸು ಹತ್ತುವ ಅಭ್ಯಾಸ, ಇನ್ನೊಂದು ಕಡೆ ಅಂಗಡಿಯವನ ಜೊತೆ ಮಾತು. ಸಹಾಯಕ್ಕೆ ಕೆಳಮನೆಯ ದರ್ಜಿಯನ್ನೂ ಬಿಟ್ಟಿಲ್ಲ. ಹೊಲಿಗೆ ಯಂತ್ರ ತುಳಿಯುತ್ತಲೇ ಆತ ಮೇಲಿನ ಸದ್ದಿಗೆ ಒಂದು ಕಿವಿ ಕೊಟ್ಟಿರುತ್ತಾನೆ.

ಹಾಲಿಟ್ಟವನನ್ನು ಎಲ್ಲರೂ ಸಾಹೇಬ ಎನ್ನುತ್ತಾರೆ. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹಾಸಿಗೆಯ ಚಾದರ ಮಡಚುವ ಕೆಲಸಕ್ಕೂ ಇಸ್ತ್ರಿ ಮಾಡಿದ ಅಂಗಿಯೇ ಬೇಕು ಅವನಿಗೆ. ವರ್ಷವಿಡೀ ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತಿದ್ದ. ಅಕ್ಕನಿಗೆ ಹೆಮ್ಮೆಯೋ ಹೆಮ್ಮೆ. ಈಚೆಗೆ ದಿನವೂ ಚೆಲ್ಲತೊಡಗಿತು. ಯಾಕೆಂದು ಹೇಳಿದವನು ದರ್ಜಿ: "ಅಕ್ಕಾ, ಔಷಧಿ ಕುಡಿದು ನಿಮ್ ಕೆಮ್ಮು ನಿಂತೋಯ್ತಲ್ಲ, ಅವತ್ತಿಂದಾನೇ."

ಹಾಲು ಏರುವಾಗಲೆಲ್ಲ ಆತಂಕಕ್ಕೆ ಇವರು ಕೆಮ್ಮುತ್ತಿದ್ದರು. ಸಾಹೇಬ ನೋಡುತ್ತಿದ್ದದ್ದು ಹಾಲನ್ನಲ್ಲ, ಕೇಳಿಸಿಕೊಳ್ಳುತ್ತಿದ್ದದ್ದು ಕೆಮ್ಮನ್ನು! ಅದಕ್ಕೇ ಈಗ ಬಾಯಿಗೆ ಕರವಸ್ತ್ರ, ಅಪ್ಪಿತಪ್ಪಿ ಕೆಮ್ಮು ಬಂದರೂ ಅವನಿಗೆ ಕೇಳಿಸಬಾರದು.

ಭಾನುವಾರ ಸಾಹೇಬನ ತಂಗಿ ಬರುತ್ತಾಳೆ. ಒಬ್ಬನೇ ಇರಬಲ್ಲ ಅನ್ನಿಸದಿದ್ದರೆ ತನ್ನ ಮನೆಗೇ ಕರೆದುಕೊಂಡು ಹೋಗುತ್ತಾಳಂತೆ. "ಅವಳೂ ಕೆಟ್ಟೋಳಲ್ಲ, ಭಯ ಅಷ್ಟೆ" ಎನ್ನುತ್ತಾರೆ ಅಕ್ಕ. "ಅವತ್ತು ಒಂದ್ಸಲ ಕೆಮ್ಮಿಬಿಟ್ರೆ ಇವನು ಇಲ್ಲೇ ಉಳೀತಾನೆ. ಆದ್ರೆ ಅದು ಮೋಸ ಆಗಲ್ವಾ? ಕೆಮ್ಮದೇ ಇದ್ರೆ ಮನೇನೇ ಕಳ್ಕೋತಾನೆ. ಏನ್ ಮಾಡ್ಲಿ, ನೀವೇ ಹೇಳಿ."

ಕೆಮ್ಮಿ ಎನ್ನಬೇಕೆನಿಸುತ್ತದೆ, ಬೇಡ ಎನ್ನಬೇಕೆಂದೂ ಅನಿಸುತ್ತದೆ. ಪೆನ್ನಿನ ಮುಚ್ಚಳ ತಿರುಗಿಸುತ್ತೇನೆ.

ಅಷ್ಟರಲ್ಲಿ ಸಾಹೇಬ ಎರಡು ಲೋಟ ಟೀ ಹಿಡಿದು ಹೊರಬರುತ್ತಾನೆ. ಹೆಗಲ ಮೇಲೆ ಒದ್ದೆ ಬಟ್ಟೆ.

"ಅಕ್ಕಾ, ಭಾನುವಾರ ನೀವು ಬರ್ಬೇಡಿ."

ಅಕ್ಕನ ಮುಖ ಸಣ್ಣದಾಗುತ್ತದೆ. "ಯಾಕೋ?"

"ತಂಗಿ ಬರ್ತಾಳೆ. ನನ್ನ ಮನೆ. ಟೀ ನಾನೇ ಮಾಡ್ತೀನಿ."

"ಹಾಲು ಚೆಲ್ಲಿದ್ರೆ?"

ಇದೂ ಒಂದು ಪ್ರಶ್ನೆಯಾ ಎಂಬಂತೆ ನೋಡುತ್ತಾನೆ. "ಒರೆಸ್ತೀನಿ."

ಲೋಟಗಳನ್ನು ನಮ್ಮ ಕೈಗೆ ಕೊಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಅಕ್ಕ ಲೋಟವನ್ನು ಮೆಟ್ಟಿಲ ಮೇಲಿಡುತ್ತಾರೆ. ತಂಗಿ ಒಪ್ಪುತ್ತಾಳೋ ಬಿಡುತ್ತಾಳೋ ನಮ್ಮಿಬ್ಬರಿಗೂ ಗೊತ್ತಿಲ್ಲ.

"ಅಳಬೇಕೋ ನಗಬೇಕೋ ತಿಳೀತಿಲ್ಲ ನಂಗೆ" ಎಂದು ಕಣ್ಣೊರೆಸಿಕೊಳ್ಳುತ್ತಾರೆ. "ಬರ್ಬೇಡಿ ಅಂದ್ನಲ್ಲ, ಅದನ್ನ ನಾನು ಹೇಳ್ಕೊಟ್ಟಿರ್ಲಿಲ್ಲ."